ಪಲ್ಸ್ 38, ಮೆಷಿನ್ ಬರೆದದ್ದು ‘ಸೈನಸ್ ಬ್ರಾಡಿಕಾರ್ಡಿಯಾ’. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ

ಹೆಬ್ರಿ ಇಂಟರ್ನ್ (ಸಂಜೆ 6.50)

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಳಭಾಗದ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೇನೆ. ಮಧ್ಯಾಹ್ನ ಒಬ್ಬರು ಅಮ್ಮ ಬಂದರು, ವಯಸ್ಸು 67. ಎರಡು ವಾರದಿಂದ ತಲೆ ತಿರುಗುತ್ತದಂತೆ. ನಿನ್ನೆ ಬಾವಿಕಟ್ಟೆ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದು ಕೂತರಂತೆ. ಬಿಪಿ 150/70. ಪಲ್ಸ್ 38, ಸಮವಾಗಿ ಉಂಟು. ಎದೆನೋವಿಲ್ಲ. ಶುಗರ್ ಮಾತ್ರೆ ಬಿಟ್ಟರೆ ಬೇರೆ ಮದ್ದಿಲ್ಲ.

ಇಸಿಜಿ ತೆಗೆದೆ. ಮೆಷಿನ್ ಮೇಲ್ಗಡೆ ಅಚ್ಚು ಹಾಕಿದ್ದು ‘ಸೈನಸ್ ಬ್ರಾಡಿಕಾರ್ಡಿಯಾ, ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’. ಅಂದರೆ ಬರೀ ನಿಧಾನ ಬಡಿತ, ಜೊತೆಗೆ ಬಲಗಡೆಯ ಕರೆಂಟಿನ ದಾರಿ ಬಂದ್. ಪ್ರತಿ ಕ್ಯುಆರ್‌ಎಸ್ (ಕೆಳಗಿನ ಕೋಣೆಗಳ ಬಡಿತದ ಗೆರೆ) ಮುಂದೆ ಒಂದು ಪಿ (ಮೇಲಿನ ಕೋಣೆಗಳ ಅಲೆ) ಕಾಣುತ್ತದೆ. ಪಿಆರ್ (ಪಿ ಶುರುವಿನಿಂದ ಕ್ಯುಆರ್‌ಎಸ್ ಶುರುವಿನವರೆಗಿನ ಅಂತರ) 4 ಸಣ್ಣ ಚೌಕ, ಅಂದರೆ 0.16 ಸೆಕೆಂಡ್. ಎಲ್ಲ ಕಡೆ ಅಷ್ಟೇ. ಕ್ಯುಆರ್‌ಎಸ್ ಅಗಲ, ಮೂರೂವರೆ ಚೌಕ. ಒಂದು ಕ್ಯುಆರ್‌ಎಸ್‌ನಿಂದ ಇನ್ನೊಂದಕ್ಕೆ 40 ಸಣ್ಣ ಚೌಕ. ಕ್ಯುಆರ್‌ಎಸ್ ನಂತರದ ಟಿ ಅಲೆ ಮುಗಿದ ಕೂಡಲೇ ಒಂದು ಸಣ್ಣ ಉಬ್ಬು. ಟಿ ನಂತರ ಕೆಲವೊಮ್ಮೆ ಕಾಣುವ ಯು ಅಲೆ ಅಂದುಕೊಂಡೆ ನಾನು.

ನಮ್ಮ ಡಾಕ್ಟ್ರು ಮೀಟಿಂಗಿಗೆ ಹೋಗಿದ್ದಾರೆ, ಫೋನ್ ಸಿಗುತ್ತಿಲ್ಲ. ಅಮ್ಮ ವಾರ್ಡಿನಲ್ಲಿ ಕೂತು ಚಾ ಕುಡಿಯುತ್ತಿದ್ದಾರೆ, ಮನೆಗೆ ಹೋಗುತ್ತೇನೆ ಅನ್ನುತ್ತಿದ್ದಾರೆ. ಸುಮ್ನೆ ನಿಧಾನ ಬಡಿತ ಅಂತ ಬಿಡಬಹುದಾ? ಹೆಸರು ಮುಚ್ಚಿ ಫೋಟೋ ಹಾಕಿದ್ದೇನೆ.

ತೊಕ್ಕೊಟ್ಟು ಜಿಪಿ (6.56)

ಬಿಡಬೇಡಿ. ಪಲ್ಸ್ 38, ಕಣ್ಣು ಕತ್ತಲೆ ಬಂದ ಕಥೆ, ಅಗಲ ಕ್ಯುಆರ್‌ಎಸ್. ಈ ಮೂರು ಒಟ್ಟಿಗಿದ್ದರೆ ಹೆಸರು ಏನಾದರೂ ಇರಲಿ, ಮನೆಗೆ ಕಳಿಸುವ ಕೇಸಲ್ಲ. ಮೊದಲು 108ಕ್ಕೆ ಫೋನ್ ಮಾಡಿ. ಉಳಿದ ಪಾಂಡಿತ್ಯ ಆಮೇಲೆ.

ಹಳೇ ಇಸಿಜಿ ಮನುಷ್ಯ (7.01)

ಡಾಕ್ಟ್ರೇ, ನಾನು ಡಾಕ್ಟರ್ ಅಲ್ಲ. ಮಂಗಳೂರಲ್ಲಿ ಮೂವತ್ತು ವರ್ಷ ಇಸಿಜಿ ತೆಗೆದವ, ಈಗ ರಿಟೈರ್ಡ್. ಫೋಟೋ ನೋಡಿದೆ. ಆ ಉಬ್ಬು ನನಗೆ ಸಮಾಧಾನ ಕೊಡುತ್ತಿಲ್ಲ.

ಒಂದು ಕೆಲಸ ಮಾಡಿ. ಬಿಳಿ ಕಾಗದದ ಒಂದು ತುಂಡು ತೆಗೆದುಕೊಳ್ಳಿ. ಅದರ ಅಂಚನ್ನು ಸ್ಟ್ರಿಪ್ಪಿನ ಮೇಲಿಟ್ಟು, ಕ್ಯುಆರ್‌ಎಸ್ ಮುಂದಿನ ಪಿಗೆ ಪೆನ್ಸಿಲ್‌ನಲ್ಲಿ ಒಂದು ಗೀಟು, ಆ ಉಬ್ಬಿಗೆ ಒಂದು ಗೀಟು ಹಾಕಿ. ಈಗ ಕಾಗದವನ್ನು ಜಾರಿಸಿ, ಮೊದಲ ಗೀಟನ್ನು ಉಬ್ಬಿನ ಮೇಲೆ ತನ್ನಿ. ಎರಡನೇ ಗೀಟು ಎಲ್ಲಿ ಬೀಳುತ್ತದೆ? ಮುಂದಿನ ಪಿ ಹತ್ತಿರ ಬಿದ್ದರೆ ಅದು ಯು ಅಲೆ ಅಲ್ಲ ಮಾರಾಯ್ರೆ, ಅದೂ ಪಿ. ದಾಟಲಾಗದೆ ಉಳಿದ ಪಿ.

ಅಂತರ ಅಳೆಯುವ ಕ್ಯಾಲಿಪರ್ ಇದ್ದರೆ ಒಳ್ಳೆಯದು. ನಮ್ಮ ಕಾಲದಲ್ಲಿ ಕಾಗದದ ಅಂಚೇ ಕ್ಯಾಲಿಪರ್.

ಹೆಬ್ರಿ ಇಂಟರ್ನ್ (7.09)

108ಕ್ಕೆ ಹೇಳಿದೆ. ಬರಲು ಮುಕ್ಕಾಲು ಗಂಟೆ ಬೇಕಂತೆ.

ಕಾಗದ ಇಟ್ಟು ನೋಡಿದೆ ಅಣ್ಣ. ಮೊದಲ ಪಿಯಿಂದ ಉಬ್ಬಿಗೆ 19 ಚೌಕ. ಉಬ್ಬಿನಿಂದ ಮುಂದಿನ ಪಿಗೆ 21. ಸರಿ ಮಧ್ಯದಲ್ಲಿ ಬೀಳುತ್ತಿಲ್ಲ, ಒಂದು ಚೌಕ ಹಿಂದೆ ಉಂಟು. ಹಾಗಾದರೆ ಪಿ ಹೌದಾ, ಅಲ್ವಾ?

ನೈಟ್ ಡ್ಯೂಟಿ (7.14)

ಪಿಯೇ. ಕಾರ್ಡಿಯಾಲಜಿಯಲ್ಲಿ ಡಿಎಂ (ಹೃದಯ ತಜ್ಞರ ಓದು) ಮಾಡುತ್ತಿದ್ದೇನೆ, ಈಗಷ್ಟೇ ಡ್ಯೂಟಿಗೆ ಬಂದೆ.

ಆ ಒಂದು ಚೌಕದ ವ್ಯತ್ಯಾಸವೇ ಅದು ಪಿ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಎರಡು ಪಿಗಳ ನಡುವೆ ಕ್ಯುಆರ್‌ಎಸ್ ಬಂದರೆ ಆ ಅಂತರ ಸ್ವಲ್ಪ ಕಿರಿದಾಗುತ್ತದೆ, ಬಾರದಿದ್ದರೆ ಸ್ವಲ್ಪ ಹಿಗ್ಗುತ್ತದೆ. ಬ್ಲಾಕ್ ಇರುವವರಲ್ಲಿ ಇದು ತುಂಬ ಸಲ ಕಾಣುತ್ತದೆ. ವೆಂಟ್ರಿಕ್ಯುಲೋಫೇಸಿಕ್ ಅಂತ ದೊಡ್ಡ ಹೆಸರು. ಹೆಸರು ಮರೆತರೂ ಪರವಾಗಿಲ್ಲ, 19 ಮತ್ತು 21 ನೋಡಿ ಗೊಂದಲ ಆಗದಿದ್ದರೆ ಸಾಕು.

ಈಗ ಲೆಕ್ಕ ನೋಡಿ. ಪಿಗಳ ಸರಾಸರಿ ಅಂತರ 20 ಸಣ್ಣ ಚೌಕ. ಕಾಗದ ನಿಮಿಷಕ್ಕೆ 1500 ಸಣ್ಣ ಚೌಕ ಓಡುತ್ತದೆ, ಅದನ್ನು 20ರಿಂದ ಭಾಗಿಸಿದರೆ 75. ಮೇಲಿನ ಕೋಣೆಗಳು ನಿಮಿಷಕ್ಕೆ 75 ಸಲ ಆರಾಮವಾಗಿ ಬಡಿಯುತ್ತಿವೆ. ಕೆಳಗೆ ತಲುಪುವುದು ಅದರಲ್ಲಿ ಅರ್ಧ, 38. ಸೈನಸ್ ಬ್ರಾಡಿ ಅಂದರೆ ಬಡಿತ ಶುರು ಮಾಡುವ ಮೇಲಿನ ಸೈನಸ್ ನೋಡ್ ನಿಧಾನ ಅಂತ. ಇಲ್ಲಿ ಸೈನಸ್ ನೋಡ್‌ನದ್ದು ಒಂದು ಚೂರೂ ತಪ್ಪಿಲ್ಲ. ಇದು ಎರಡಕ್ಕೆ ಒಂದು ಎವಿ ಬ್ಲಾಕ್, ಅಂದರೆ ಮೇಲಿನಿಂದ ಕೆಳಗಿನ ಕೋಣೆಗೆ ಕರೆಂಟು ದಾಟುವಲ್ಲಿ ತಡೆ. ಮೆಷಿನ್ ಉಳಿದರ್ಧ ಪಿಗಳನ್ನು ನೋಡಲೇ ಇಲ್ಲ.

ಲೀಡ್ (ಇಸಿಜಿ ಹೃದಯವನ್ನು ನೋಡುವ ಕೋನ) 1, 2, ಎವಿಎಫ್‌ನಲ್ಲಿ ಕ್ಯುಆರ್‌ಎಸ್ ಮೇಲಕ್ಕಾ ಕೆಳಕ್ಕಾ? ಫೋಟೋದಲ್ಲಿ ಆ ಮೂಲೆ ಮಸುಕಾಗಿದೆ.

ಮೂರನೇ ವರ್ಷ (7.17)

ಎರಡಕ್ಕೆ ಒಂದು ಅಂದರೆ ಮೊಬಿಟ್ಜ್ 2 ಅಲ್ವಾ ಸರ್? ಪಿಆರ್ ಬದಲಾಗುತ್ತಿಲ್ಲ, ಮಧ್ಯೆ ಒಂದು ಬಡಿತ ಬೀಳುತ್ತಿಲ್ಲ. ನಮ್ಮ ನೋಟ್ಸಿನಲ್ಲಿ ಹಾಗೇ ಉಂಟು.

ನೈಟ್ ಡ್ಯೂಟಿ (7.25)

ನೋಟ್ಸಿನಲ್ಲಿ ಆ ಸಾಲು ಹೊಡೆದು ಹಾಕಿ. ತುಂಬ ಜನ ಬೀಳುವ ಗುಂಡಿ ಅದು.

ವೆಂಕೆಬಾಕ್‌ನಲ್ಲಿ, ಅಂದರೆ ಮೊಬಿಟ್ಜ್ 1ರಲ್ಲಿ, ಪಿಆರ್ ಹಿಗ್ಗುತ್ತ ಹೋಗಿ ಕೊನೆಗೆ ಒಂದು ಪಿ ಒಂಟಿಯಾಗುತ್ತದೆ. ಹಿಗ್ಗುವುದು ಕಾಣಬೇಕಾದರೆ ಸಾಲಾಗಿ ಎರಡು ಪಿಗಳಾದರೂ ಕೆಳಗೆ ದಾಟಬೇಕು. ಎರಡಕ್ಕೆ ಒಂದರಲ್ಲಿ ಒಂದು ದಾಟುತ್ತದೆ, ಮರುಕ್ಷಣ ಒಂದು ನಿಲ್ಲುತ್ತದೆ. ಹೋಲಿಸಿ ನೋಡಲು ಎರಡನೇ ಪಿಆರ್ ಎಲ್ಲಿದೆ? ಹಾಗಾಗಿ ಬರೀ ಎರಡಕ್ಕೆ ಒಂದನ್ನು ನೋಡಿ 1 ಅಂತಲೂ ಹೇಳಲಾಗದು, 2 ಅಂತಲೂ ಹೇಳಲಾಗದು. ‘2:1 ಎವಿ ಬ್ಲಾಕ್’ ಅಂತಲೇ ಬರೆಯಬೇಕು.

ಆದರೆ ಊಹೆ ಮಾಡಬಹುದು. ಕ್ಯುಆರ್‌ಎಸ್ ಸಪೂರ, ದಾಟಿದ ಪಿಯ ಪಿಆರ್ ಉದ್ದ ಇದ್ದರೆ ತೊಂದರೆ ಎವಿ ನೋಡ್‌ನಲ್ಲೇ, ಅಂದರೆ ಮೇಲಿನ ಕೆಳಗಿನ ಕೋಣೆಗಳ ನಡುವಿನ ಗೇಟಿನಲ್ಲೇ, ಇರಬಹುದು. ಕ್ಯುಆರ್‌ಎಸ್ ಅಗಲ, ಪಿಆರ್ ಮಾಮೂಲು ಇದ್ದರೆ ನೋಡ್‌ಗಿಂತ ಕೆಳಗೆ. ಈ ಅಮ್ಮನದ್ದು ಎರಡನೇ ಥರ. ನನಗೆ ಇಷ್ಟವಾಗುತ್ತಿಲ್ಲ.

ಸಾಕ್ಷಿ ಬೇಕಾದರೆ ಒಂದೇ ದಾರಿ. ಲೀಡ್ 2 ಒಂದನ್ನೇ ಹಾಕಿ ಎರಡು ನಿಮಿಷ ಓಡಿಸಿ. ಎಲ್ಲಾದರೂ ಒಮ್ಮೆ ಮೂರಕ್ಕೆ ಎರಡು ಸಿಕ್ಕಿದರೆ ಸಾಕು.

ತೊಕ್ಕೊಟ್ಟು ಜಿಪಿ (7.28)

ಕಾಗದ ಮುಗಿಯುತ್ತದೆ ಅಂತ ಜಿಪುಣತನ ಮಾಡಬೇಡಿ. ಹತ್ತು ಸೆಕೆಂಡಿನ ಸ್ಟ್ರಿಪ್ಪಿನಲ್ಲಿ ಈ ಅಮ್ಮನಿಗೆ ಆರು ಬಡಿತ. ಆರು ಬಡಿತ ನೋಡಿ ಎಂತ ತೀರ್ಮಾನ ಮಾಡುವುದು?

ಹೆಬ್ರಿ ಇಂಟರ್ನ್ (7.36)

ಲೀಡ್ 1ರಲ್ಲಿ ಮೇಲಕ್ಕೆ. 2 ಮತ್ತು ಎವಿಎಫ್‌ನಲ್ಲಿ ಕೆಳಕ್ಕೆ. ಎದೆಯ ಲೀಡ್ ವಿ1ರಲ್ಲಿ ಮೊಲದ ಕಿವಿಯ ಹಾಗೆ ಎರಡು ತುದಿ ಉಂಟು, ವಿ6ರಲ್ಲಿ ಅಗಲ ಎಸ್ (ಕ್ಯುಆರ್‌ಎಸ್‌ನ ಕೊನೆಯ ಕೆಳಮುಖ ಭಾಗ).

ಉದ್ದ ಸ್ಟ್ರಿಪ್ ತೆಗೆದೆ. ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ ಒಮ್ಮೆ ಎರಡು ಪಿ ಸಾಲಾಗಿ ದಾಟಿತು, ಮೂರನೆಯದು ನಿಂತಿತು. ಎರಡರ ಪಿಆರ್ ಕೂಡ 4 ಚೌಕ. ಎರಡನೆಯದು ಕೂದಲೆಳೆಯಷ್ಟೂ ಹಿಗ್ಗಿಲ್ಲ. ಆಮೇಲೆ ಒಂದು ಕಡೆ ಸಾಲಾಗಿ ಎರಡು ಪಿ ನಿಂತುಹೋಗಿವೆ.

ಈಗ ನನ್ನ ಪಲ್ಸ್ 110.

ನೈಟ್ ಡ್ಯೂಟಿ (7.44)

ಮೊಬಿಟ್ಜ್ 2. ಸಾಲಾಗಿ ಎರಡು ಪಿ ನಿಂತರೆ ಅದಕ್ಕೆ ಹೈ ಗ್ರೇಡ್ ಅನ್ನುತ್ತೇವೆ. ಸರಿಯಾಗಿ ಹಿಡಿದಿದ್ದೀರಿ.

ಘಾಟಿ ರಸ್ತೆ ನೆನಪು ಮಾಡಿಕೊಳ್ಳಿ. ನೋಡ್ ದಾಟಿದ ಕರೆಂಟು ಕೆಳಗಿಳಿಯಲು ಮೂರು ದಾರಿ. ಬಲ ಬಂಡಲ್ ಒಂದು. ಎಡ ಬಂಡಲ್ ಎರಡು ಕವಲಾಗುತ್ತದೆ, ಮುಂದಿನದು ಮತ್ತು ಹಿಂದಿನದು. ನಮಗೆ ಶಿರಾಡಿ, ಚಾರ್ಮಾಡಿ, ಸಂಪಾಜೆ ಇದ್ದ ಹಾಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿಯೂ ಸಂಪಾಜೆಯೂ ಬಂದ್ ಆದಾಗ ಎಲ್ಲರೂ ಚಾರ್ಮಾಡಿಗೆ ಮುಗಿಬಿದ್ದದ್ದು ಗೊತ್ತಲ್ಲ? ಈ ಅಮ್ಮನಿಗೂ ಅದೇ ಪರಿಸ್ಥಿತಿ. ವಿ1ರ ಮೊಲದ ಕಿವಿ ಅಂದರೆ ಬಲ ದಾರಿ ಬಂದ್. ಲೀಡ್ 2, ಎವಿಎಫ್ ಕೆಳಕ್ಕೆ ಇವೆ ಅಂದರೆ ಎಡದ ಮುಂದಿನ ಕವಲು ಬಂದ್. ಉಳಿದದ್ದು ಒಂದೇ. ಅದೂ ಈಗ ಆಗಾಗ ಕುಸಿಯುತ್ತಿದೆ. ಅದು ಪೂರ್ತಿ ಬಂದ್ ಆದರೆ ಕೆಳಗಿನ ಕೋಣೆ ತನ್ನಷ್ಟಕ್ಕೆ ನಿಮಿಷಕ್ಕೆ 20ರಿಂದ 40 ಸಲ ಬಡಿಯಬೇಕು. ಕೆಲವೊಮ್ಮೆ ಅದೂ ಬಡಿಯುವುದಿಲ್ಲ.

ಡಿಫಿಬ್ರಿಲೇಟರ್‌ನಲ್ಲಿ (ಶಾಕ್ ಮೆಷಿನ್) ಪೇಸಿಂಗ್, ಅಂದರೆ ಹೊರಗಿನಿಂದ ಕರೆಂಟು ಕೊಟ್ಟು ಹೃದಯ ಬಡಿಸುವುದು, ಉಂಟಾ ನೋಡಿ. ಇದ್ದರೆ ಪ್ಯಾಡ್ ಅಂಟಿಸಿಯೇ ಕಳಿಸಿ.

ಮೂರನೇ ವರ್ಷ (7.46)

ಬಡಿತ ಹೆಚ್ಚಿಸಲು ಆಟ್ರೋಪಿನ್ ಕೊಟ್ಟು ನೋಡಬಹುದಲ್ಲ?

ಮಲ್ಪೆ ಸಿಸ್ಟರ್ (7.52)

ತಮ್ಮ, ನಾನು ಐಸಿಯುನಲ್ಲಿ ಹದಿನೆಂಟು ವರ್ಷ ಇದ್ದವಳು. ಆಟ್ರೋಪಿನ್ ಮೇಲಿನವರನ್ನು ಅವಸರ ಮಾಡುತ್ತದೆ. ಎವಿ ನೋಡ್ ನಿಧಾನವಾದದ್ದಾದರೆ ಸರಿ, ಕೆಲಸ ಮಾಡುತ್ತದೆ. ಕೆಳಗೆ ರಸ್ತೆಯೇ ಕುಸಿದಿದ್ದರೆ ಮೇಲಿಂದ ಗಾಡಿ ಜಾಸ್ತಿ ಬಿಟ್ಟು ಎಂತ ಪ್ರಯೋಜನ? ಎರಡಕ್ಕೆ ಒಂದು ಇದ್ದದ್ದು ಮೂರಕ್ಕೆ ಒಂದು ಆಗಬಹುದು, ಪಲ್ಸ್ ಇನ್ನೂ ಇಳಿಯಬಹುದು. ಕೊಡಲೇಬಾರದು ಅಂತ ಅಲ್ಲ. ಅದನ್ನು ನಂಬಿ ಕೂರಬಾರದು, ಪೇಸಿಂಗಿಗೆ ತಡ ಮಾಡಬಾರದು.

ಇಂಟರ್ನ್ ಡಾಕ್ಟ್ರೇ, ಲೈನ್ ಹಾಕಿದ್ದೀರಾ? ಅಮ್ಮನನ್ನು ನಡೆಸಬೇಡಿ, ಬಾತ್‌ರೂಮಿಗೂ ವೀಲ್‌ಚೇರ್. ಜೊತೆಗೆ ಒಬ್ಬರು ಸಿಸ್ಟರ್ ಹೋಗಲಿ. ಉದ್ದ ಸ್ಟ್ರಿಪ್ಪನ್ನು ಫೈಲಿನಲ್ಲಿ ಪಿನ್ ಮಾಡಿ ಕಳಿಸಿ. ಅಲ್ಲಿ ತಲುಪುವಾಗ ಒಂದಕ್ಕೊಂದು ಸರಿಯಾಗಿ ಬಡಿಯುತ್ತಿದ್ದರೆ ಯಾರೂ ನಂಬುವುದಿಲ್ಲ.

ಹೆಬ್ರಿ ಇಂಟರ್ನ್ (8.20)

ಹೊರಟರು. ಪ್ಯಾಡ್ ಇತ್ತು, ಅಂಟಿಸಿದೆವು. ಸಿಸ್ಟರ್ ಜೊತೆಗೆ ಹೋದರು. ಅಮ್ಮನಿಗೆ ಮನೆಯಲ್ಲಿ ದನ ಕಟ್ಟಿಲ್ಲ ಅಂತ ಚಿಂತೆ.

ಬಂಟ್ವಾಳದವ (ರಾತ್ರಿ 9.05)

ಡಾಕ್ಟ್ರುಗಳ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಬೇಡಿ. ಅಪ್ಪನಿಗೆ 61. ಕಳೆದ ವಾರ ಫುಲ್ ಬಾಡಿ ಚೆಕಪ್ ಮಾಡಿಸಿದೆವು. ಇಸಿಜಿ ರಿಪೋರ್ಟಿನಲ್ಲಿ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್, ಪಿಆರ್ 224’ ಅಂತ ಬರೆದಿದೆ. ಕೌಂಟರಿನಲ್ಲಿ ಕೊಟ್ಟು ಕಳಿಸಿದರು, ಯಾರೂ ವಿವರಿಸಲಿಲ್ಲ. ಭಾವ ಹೇಳುತ್ತಾರೆ ಕೂಡಲೇ ಆಂಜಿಯೋ ಮಾಡಿಸಿ ಸ್ಟೆಂಟ್ ಹಾಕಿಸಬೇಕು ಅಂತ. ಎಷ್ಟು ಪರ್ಸೆಂಟ್ ಬ್ಲಾಕ್ ಅಂತ ರಿಪೋರ್ಟಿನಲ್ಲಿ ಇಲ್ಲ. ಅಪ್ಪ ಎರಡು ದಿನದಿಂದ ಸರಿ ಊಟ ಮಾಡುತ್ತಿಲ್ಲ.

ಮಲ್ಪೆ ಸಿಸ್ಟರ್ (9.21)

ಪರ್ಸೆಂಟ್ ಇಲ್ಲ, ಯಾಕೆಂದರೆ ಇದು ಆ ಬ್ಲಾಕ್ ಅಲ್ಲ ಅಣ್ಣ. ಮೊದಲು ಅಪ್ಪನಿಗೆ ಊಟ ಬಡಿಸಿ.

ನಮ್ಮಲ್ಲಿ ‘ಹಾರ್ಟಲ್ಲಿ ಬ್ಲಾಕ್ ಉಂಟು’ ಅಂದರೆ ಎಲ್ಲರೂ ರಕ್ತನಾಳದ್ದೇ ಅಂದುಕೊಳ್ಳುತ್ತಾರೆ. ಅದಕ್ಕೆ ಪರ್ಸೆಂಟ್, ಆಂಜಿಯೋ, ಸ್ಟೆಂಟ್. ಅದು ಮನೆಯ ನೀರಿನ ಪೈಪಿನ ಹಾಗೆ. ನಿಮ್ಮ ರಿಪೋರ್ಟಿನಲ್ಲಿ ಇರುವುದು ವಯರಿಂಗ್ ವಿಷಯ. ಪ್ಲಂಬರ್ ಬೇರೆ, ಇಲೆಕ್ಟ್ರಿಷಿಯನ್ ಬೇರೆ ಅಲ್ವಾ? ನನಗೆ ಕೇಳಿದರೆ ಈ ಎರಡಕ್ಕೂ ಬ್ಲಾಕ್ ಅಂತ ಒಂದೇ ಹೆಸರಿಟ್ಟವರಿಗೆ ಒಂದು ದಂಡ ಹಾಕಬೇಕು. ವಾರ್ಡಿನಲ್ಲಿ ದಿನಾ ಇದನ್ನೇ ಬಿಡಿಸಿ ಹೇಳುವುದಾಗುತ್ತದೆ.

ಫಸ್ಟ್ ಡಿಗ್ರಿಯಲ್ಲಿ ನಿಜ ಹೇಳಬೇಕೆಂದರೆ ಯಾವುದೂ ನಿಂತಿಲ್ಲ. ತಡ ಅಷ್ಟೇ. ಪ್ರತಿ ಪಿ ನಂತರ ಒಂದು ಕ್ಯುಆರ್‌ಎಸ್ ಬಂದೇ ಬರುತ್ತದೆ. ಮಾಮೂಲು ಪಿಆರ್ 0.12ರಿಂದ 0.20 ಸೆಕೆಂಡ್, ಅಂದರೆ 3ರಿಂದ 5 ಸಣ್ಣ ಚೌಕ. ಅಪ್ಪನದ್ದು 0.224, ಐದೂವರೆ ಚೌಕ. ಅರ್ಧ ಚೌಕ ಜಾಸ್ತಿ. ಅವರು ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?

ಬಂಟ್ವಾಳದವ (9.26)

ಅಟೆನೊಲಾಲ್ 50. ಎಂಟು ವರ್ಷ ಆಯಿತು. ತಲೆ ತಿರುಗುವುದು ಅಂತ ಏನಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗಿ ಅಡಿಕೆ ಹೆಕ್ಕಿ ಬರುತ್ತಾರೆ.

ತೊಕ್ಕೊಟ್ಟು ಜಿಪಿ (9.33)

ಆ ಮಾತ್ರೆಯೇ ಪಿಆರ್ ಸ್ವಲ್ಪ ಹಿಗ್ಗಿಸುತ್ತದೆ. ಮೆಟೊಪ್ರೊಲಾಲ್, ವೆರಾಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಇವಕ್ಕೂ ಅದೇ ಗುಣ ಉಂಟು. ನೀವಾಗಿಯೇ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಬೇರೆ ತಾಪತ್ರಯ. ರಿಪೋರ್ಟ್ ಹಿಡಿದುಕೊಂಡು ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಒಮ್ಮೆ ಹೋಗಿ, ಹಳೇ ಇಸಿಜಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಕಣ್ಣು ಕತ್ತಲೆ ಬರುವುದು, ಬೀಳುವುದು ಶುರುವಾದರೆ ಮಾತ್ರ ಕಾಯಬೇಡಿ. ಬರೀ ಈ ರಿಪೋರ್ಟ್ ನೋಡಿ ಸ್ಟೆಂಟ್ ಹಾಕುವ ಪ್ರಶ್ನೆಯೇ ಇಲ್ಲ ಅಂತ ಭಾವನಿಗೆ ಹೇಳಿ.

ಮೂರನೇ ವರ್ಷ (9.50)

ವೆಂಕೆಬಾಕ್ ಬಗ್ಗೆ ಒಂದು ಡೌಟ್. ಪಿಆರ್ ಹಿಗ್ಗುತ್ತಾ ಹೋಗುತ್ತದೆ ಅಂತಾದರೆ ಕ್ಯುಆರ್‌ಎಸ್‌ಗಳ ನಡುವಿನ ಅಂತರವೂ ಹಿಗ್ಗಬೇಕು ತಾನೇ? ಪುಸ್ತಕದಲ್ಲಿ ಕಿರಿದಾಗುತ್ತದೆ ಅಂತ ಬರೆದಿದೆ. ಮೂರು ಸಲ ಓದಿದೆ, ತಲೆಗೆ ಹೋಗಲಿಲ್ಲ.

ನೈಟ್ ಡ್ಯೂಟಿ (10.12)

ಓದಿದರೆ ಹೋಗುವುದಿಲ್ಲ. ಕಾಗದದಲ್ಲಿ ಬರೆಯಿರಿ, ಕೂಡಿಸಿ ಕಳೆಯಿರಿ.

ಪಿಗಳ ಅಂತರ 20 ಸಣ್ಣ ಚೌಕ ಅಂತ ಇಟ್ಟುಕೊಳ್ಳಿ. ಪಿಗಳು 0, 20, 40, 60, 80ನೇ ಚೌಕದಲ್ಲಿ ಬೀಳುತ್ತವೆ. ಮೊದಲ ಪಿಆರ್ 5, ಎರಡನೆಯದು 8, ಮೂರನೆಯದು 9. ನಾಲ್ಕನೇ ಪಿ ನಿಂತಿತು. ಐದನೆಯದು ಮತ್ತೆ 5ರಿಂದ ಶುರು. ಕ್ಯುಆರ್‌ಎಸ್‌ಗಳು ಎಲ್ಲಿ ಬೀಳುತ್ತವೆ? 5, 28, 49, ಆಮೇಲೆ ಸೀದಾ 85. ಈಗ ಅಂತರ ನೋಡಿ. 23, 21, ಆಮೇಲೆ 36.

ಪಿಆರ್ ಹಿಗ್ಗಿದೆ, ಆದರೆ ಹಿಗ್ಗುವ ಪ್ರಮಾಣ ಕಡಿಮೆಯಾಗಿದೆ. ಮೊದಲು 3 ಚೌಕ, ಆಮೇಲೆ 1. ಅದಕ್ಕೇ ಕ್ಯುಆರ್‌ಎಸ್‌ಗಳು ಹತ್ತಿರ ಬರುತ್ತವೆ. ಇನ್ನೊಂದು, ಬಿಟ್ಟುಹೋದ ಜಾಗದ ಅಂತರ 36. ಎರಡು ಪಿ ಅಂತರಕ್ಕಿಂತ, ಅಂದರೆ 40ಕ್ಕಿಂತ ಕಡಿಮೆ. ಮೊಬಿಟ್ಜ್ 2 ಆಗಿದ್ದರೆ ಪಿಆರ್ ಬದಲಾಗುವುದಿಲ್ಲ, ಹಾಗಾಗಿ ಆ ಜಾಗ ಸರಿಯಾಗಿ 40 ಇರುತ್ತಿತ್ತು.

ಎಲ್ಲರ ಇಸಿಜಿಯೂ ಹೀಗೆ ಪುಸ್ತಕದ ಪ್ರಕಾರ ನಡೆಯುವುದಿಲ್ಲ. ಚಕ್ರ ಉದ್ದ ಇದ್ದರೆ, 8ಕ್ಕೆ 7 ಥರ, ಮಧ್ಯದ ಪಿಆರ್‌ಗಳು ಒಂದೇ ರೀತಿ ಕಾಣುತ್ತವೆ. ಆಗ ಒಂದು ಉಪಾಯ ಉಂಟು. ಪಿ ನಿಲ್ಲುವ ಮೊದಲಿನ ಪಿಆರ್ ಮತ್ತು ನಿಂತ ನಂತರದ ಮೊದಲ ಪಿಆರ್ ಎರಡನ್ನೇ ಅಕ್ಕಪಕ್ಕ ಇಟ್ಟು ನೋಡಿ. ನಂತರದ್ದು ಕಿರಿದಾಗಿದ್ದರೆ ವೆಂಕೆಬಾಕ್. ಮೊಬಿಟ್ಜ್ 2 ಅಂತ ಬರೆಯುವ ಮುಂಚೆ ನಾನು ಈ ಎರಡನ್ನು ನೋಡದೆ ಸಹಿ ಹಾಕುವುದಿಲ್ಲ.

ವೆಂಕೆಬಾಕ್ ಇದನ್ನು ಬರೆದದ್ದು 1899ರಲ್ಲಿ. ಆಗ ಇಸಿಜಿ ಬಳಕೆಗೇ ಬಂದಿರಲಿಲ್ಲ. ನಾಡಿ ಬಡಿತದ ಗೆರೆಗಳನ್ನು ಅಳೆದು ಈ ಕೂಡಿಸಿ ಕಳೆಯುವ ಲೆಕ್ಕ ಹಿಡಿದವರು ಅವರು. ಎರಡನೇ ಬಗೆಯನ್ನು ಜಾನ್ ಹೇ 1906ರಲ್ಲಿ ಹೇಳಿದರು. ಮೊಬಿಟ್ಜ್ 1924ರಲ್ಲಿ ಇಸಿಜಿ ಇಟ್ಟುಕೊಂಡು ಎರಡನ್ನೂ 1, 2 ಅಂತ ವಿಂಗಡಿಸಿದರು. ಹೆಸರು ಉಳಿದದ್ದು ಮೊಬಿಟ್ಜ್‌ದು, ಪಾಪ ಹೇ.

ಹಳೇ ಇಸಿಜಿ ಮನುಷ್ಯ (10.30)

ನಮಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಟ್ರಿಪ್ ದೂರ ಹಿಡಿದು ನೋಡುತ್ತಿದ್ದೆ. ಬಡಿತಗಳು ಗುಂಪು ಗುಂಪಾಗಿ, ಮೂರು ಮೂರು, ನಾಲ್ಕು ನಾಲ್ಕು ಕೂತಿದ್ದರೆ ಡಾಕ್ಟರನ್ನು ಕರೆಯುತ್ತಿದ್ದೆ.

ಒಮ್ಮೆ ಕಂಬಳ ಓಡುವ ಹುಡುಗನೊಬ್ಬನಿಗೆ ಹೋಲ್ಟರ್ (ಹಗಲು ರಾತ್ರಿ ಇಸಿಜಿ ಬರೆಯುವ ಸಣ್ಣ ಮೆಷಿನ್) ಹಾಕಿದ್ದೆವು. ಹಗಲು ಏನೂ ಇಲ್ಲ. ರಾತ್ರಿ ಮೂರು ಗಂಟೆಗೆ ನಿದ್ದೆಯಲ್ಲಿ ಚೆಂದದ ವೆಂಕೆಬಾಕ್. ಮನೆಯವರು ಹೆದರಿದರು, ಡಾಕ್ಟ್ರು ನಕ್ಕರು. ಓಡಿ ಓಡಿ ಗಟ್ಟಿಯಾದ ದೇಹ, ನಿದ್ದೆಯಲ್ಲಿ ಹಾಗಾಗುತ್ತದೆ, ಎಬ್ಬಿಸಿದರೆ ಹೋಗುತ್ತದೆ ಅಂದರು. ಅವನು ಆ ವರ್ಷವೂ ಓಡಿದ.

ಇನ್ನೊಂದು ಮಾತು. ಮಧ್ಯೆ ಒಂದು ಖಾಲಿ ಜಾಗ ಕಂಡಿತು ಅಂತ ಬ್ಲಾಕ್ ಅನ್ನಬೇಡಿ. ಅದರ ಹಿಂದಿನ ಟಿಯನ್ನು ಉಳಿದ ಟಿಗಳ ಜೊತೆ ಹೋಲಿಸಿ. ಅದೊಂದೇ ಸ್ವಲ್ಪ ಚೂಪಾಗಿದ್ದರೆ, ಇಲ್ಲ ಡೊಂಕಾಗಿದ್ದರೆ, ಒಳಗೆ ಅವಸರದ ಪಿ ಒಂದು ಅಡಗಿ ಕೂತಿರುತ್ತದೆ. ಹೊತ್ತಿಗೆ ಮುಂಚೆ ಬಂತು, ನೋಡ್ ಇನ್ನೂ ಸುಧಾರಿಸಿಕೊಂಡಿರಲಿಲ್ಲ, ದಾಟಲಿಲ್ಲ. ಅದು ನೋಡ್‌ನ ಕಾಯಿಲೆ ಅಲ್ಲ. ನಾನು ಕಂಡ ಖಾಲಿ ಜಾಗಗಳಲ್ಲಿ ಜಾಸ್ತಿ ಇಂಥವೇ.

ನೈಟ್ ಡ್ಯೂಟಿ (10.34)

ಅಣ್ಣ ಹೇಳಿದ್ದು ನೂರಕ್ಕೆ ನೂರು. ಬ್ಲಾಕ್‌ನಲ್ಲಿ ನಿಂತ ಪಿ ಕೂಡ ಹೊತ್ತಿಗೆ ಸರಿಯಾಗಿಯೇ ಬಂದಿರುತ್ತದೆ. ಹೊತ್ತಿಗೆ ಮುಂಚೆ ಬಂದದ್ದು ಬೇರೆ ಕಥೆ.

ಮೂರನೇ ವರ್ಷ (10.41)

ಮೂರನೇ ಡಿಗ್ರಿಗೂ, ಅಂದರೆ ಕಂಪ್ಲೀಟ್ ಬ್ಲಾಕಿಗೂ, ಯಾರಾದರೂ ಹೀಗೇ ಹೇಳಿ.

ಮಲ್ಪೆ ಸಿಸ್ಟರ್ (10.58)

ಯಕ್ಷಗಾನಕ್ಕೆ ಹೋಗುತ್ತೀರಾ? ಭಾಗವತರು ಜಾಗಟೆಯಲ್ಲಿ ಒಂದು ತಾಳ ಹಿಡಿದಿದ್ದಾರೆ. ಚೆಂಡೆಯವರು ಬೇರೆಯೇ ತಾಳದಲ್ಲಿ ನಿಧಾನವಾಗಿ ಬಾರಿಸುತ್ತಿದ್ದಾರೆ. ಇಬ್ಬರದ್ದೂ ಅವರವರಷ್ಟಕ್ಕೆ ಸರಿ. ಒಬ್ಬರಿಗೊಬ್ಬರು ಕೇಳಿಸುತ್ತಿಲ್ಲ, ಅಷ್ಟೇ. ಪಿಗಳ ಅಂತರ ಸಮ, ಕ್ಯುಆರ್‌ಎಸ್‌ಗಳ ಅಂತರ ಸಮ, ಆದರೆ ಪಿಆರ್ ಒಂದೊಂದು ಕಡೆ ಒಂದೊಂದು. ಕೆಲವು ಪಿ ಕ್ಯುಆರ್‌ಎಸ್ ಒಳಗೇ ಹೊಕ್ಕಿರುತ್ತವೆ, ಕೆಲವು ಟಿ ಮೇಲೆ ಹತ್ತಿ ಕೂತಿರುತ್ತವೆ.

ತೊಕ್ಕೊಟ್ಟು ಜಿಪಿ (11.03)

ಸಿಸ್ಟರ್, ಹಾಗೆ ಬಾರಿಸಿದರೆ ಭಾಗವತರು ಎದ್ದು ಹೋಗುತ್ತಾರೆ.

ನೈಟ್ ಡ್ಯೂಟಿ (11.15)

ಹೋಲಿಕೆ ಚೆನ್ನಾಗಿದೆ, ಒಂದು ಮಾತು ಸೇರಿಸಬೇಕು. ಇಬ್ಬರಿಗೂ ಸಂಬಂಧ ಇಲ್ಲ ಅಂದ ಮಾತ್ರಕ್ಕೆ ಕಂಪ್ಲೀಟ್ ಬ್ಲಾಕ್ ಅಲ್ಲ. ಜಾಗಟೆ ವೇಗವಾಗಿರಬೇಕು, ಚೆಂಡೆ ನಿಧಾನ ಇರಬೇಕು. ಪಿಗಳು ಸಾಕಷ್ಟು ಬಂದು, ದಾಟಲು ಅವಕಾಶವೂ ಇದ್ದು, ಒಂದೂ ದಾಟದಿದ್ದರೆ ಮಾತ್ರ ಕಂಪ್ಲೀಟ್ ಅನ್ನಿ. ಕ್ಯುಆರ್‌ಎಸ್ ವೇಗವೇ ಪಿಗಿಂತ ಜಾಸ್ತಿ ಇದ್ದರೆ ಕೆಳಗಿನವರು ಮೇಲಿನವರನ್ನು ಹಿಂದೆ ಹಾಕಿದ್ದಾರೆ ಅಂತ ಅರ್ಥ. ರಸ್ತೆ ಸರಿ ಇದ್ದರೂ ಹಾಗಾಗಬಹುದು.

ಕ್ಯುಆರ್‌ಎಸ್ ಸಪೂರ, ನಿಮಿಷಕ್ಕೆ 40ರಿಂದ 60 ಇದ್ದರೆ ನೋಡ್ ಹತ್ತಿರದವರೇ ಕೆಲಸ ವಹಿಸಿಕೊಂಡಿದ್ದಾರೆ, ಸ್ವಲ್ಪ ನಂಬಬಹುದು. ಅಗಲ, 20ರಿಂದ 40 ಇದ್ದರೆ ತೀರಾ ಕೆಳಗಿನಿಂದ ಬರುತ್ತಿದೆ, ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ.

ಹಾರ್ಟ್ ಅಟ್ಯಾಕ್ ಜೊತೆ ಬ್ಲಾಕ್ ಬಂದರೂ ಜಾಗ ನೋಡಬೇಕು. ಕೆಳಗೋಡೆಯ ಅಟ್ಯಾಕಿನಲ್ಲಿ, ಅಂದರೆ ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ (ಕ್ಯುಆರ್‌ಎಸ್ ಮತ್ತು ಟಿ ನಡುವಿನ ಗೆರೆ) ಮೇಲೆದ್ದಿದ್ದರೆ, ನೋಡ್ ಸ್ವಲ್ಪ ದಿನ ಮುನಿಸಿಕೊಂಡು ಸಾಮಾನ್ಯವಾಗಿ ಸರಿಯಾಗುತ್ತದೆ. ಮುಂಗೋಡೆಯ ದೊಡ್ಡ ಅಟ್ಯಾಕಿನಲ್ಲಿ ಬಂದರೆ ಬಂಡಲ್‌ಗಳೇ ಹೋಗಿವೆ ಅಂತ ಲೆಕ್ಕ.

ಮಲ್ಪೆ ಸಿಸ್ಟರ್ (11.32)

ಪಿಯೇ ಇಲ್ಲದ ಕಂಪ್ಲೀಟ್ ಬ್ಲಾಕ್ ನೋಡಿದ್ದೀರಾ? ನಾವು ಮೋಸ ಹೋದದ್ದು ಅಲ್ಲೇ.

ಒಬ್ಬರು ಅಜ್ಜ, ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆಗಳು ಬಡಿಯದೆ ಬರೀ ನಡುಗುವುದು), ವರ್ಷಗಳಿಂದ ಪಲ್ಸ್ ಅಡ್ಡಾದಿಡ್ಡಿ. ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದರು. ನಾಲ್ಕು ದಿನ ವಾಂತಿ ಅಂತ ಬಂದರು. ಕೈ ಹಿಡಿದು ನೋಡಿದರೆ ಪಲ್ಸ್ ಗಡಿಯಾರದ ಹಾಗೆ ಸಮ, ನಿಮಿಷಕ್ಕೆ 36. ಅಜ್ಜನ ಪಲ್ಸ್ ಸರಿಯಾಯಿತು ಅಂತ ನಾನು ಖುಷಿಪಟ್ಟೆ! ಆಗಿನ ಮೇಡಂ ಬೈದರು. ಫಿಬ್ರಿಲೇಷನ್‌ನಲ್ಲಿ ಪಲ್ಸ್ ಸಮ ಆಗಲೇಬಾರದು. ಮೇಲೆ ನಡುಗುತ್ತಿರುವ ಗೆರೆ ಹಾಗೇ ಇದ್ದು ಕೆಳಗೆ ನಿಧಾನ ಮತ್ತು ಸಮ ಆಯಿತು ಅಂದರೆ ಮೇಲಿನಿಂದ ಒಂದೂ ದಾಟುತ್ತಿಲ್ಲ ಅಂತ. ಡಿಗಾಕ್ಸಿನ್ ಜಾಸ್ತಿಯಾಗಿತ್ತು, ಪೊಟ್ಯಾಸಿಯಂ ಕೂಡ ಏರಿತ್ತು.

ಹಳ್ಳಿ ಕಡೆ ಇರುವವರು ಇನ್ನೊಂದು ನೆನಪಿಡಿ. ಹಳದಿ ಕಣಗಿಲೆಯಲ್ಲಿ ಇರುವುದೂ ಡಿಗಾಕ್ಸಿನ್ ಜಾತಿಯದ್ದೇ ವಿಷ. ಸಣ್ಣ ಮಗು ವಾಂತಿ ಮಾಡುತ್ತಿದೆ, ಪಲ್ಸ್ ನಿಧಾನ ಅಂದರೆ ಹಿತ್ತಿಲಲ್ಲಿ ಏನೇನು ಗಿಡ ಉಂಟು ಅಂತ ಕೇಳಿ.

ತೊಕ್ಕೊಟ್ಟು ಜಿಪಿ (ಮರುದಿನ ಬೆಳಿಗ್ಗೆ 7.40)

ರಾತ್ರಿಯ ಚರ್ಚೆ ಪೂರ್ತಿ ಓದಿದೆ. ಮೊದಲ ಕಮೆಂಟಿನಲ್ಲಿ ‘ಪಾಂಡಿತ್ಯ ಆಮೇಲೆ’ ಅಂದವ ನಾನೇ. ಈಗಲೂ ಅದನ್ನೇ ಹೇಳುತ್ತೇನೆ. 1ಆ 2ಆ ಅಂತ ಹೊಡೆದಾಡುವಷ್ಟರಲ್ಲಿ ರೋಗಿ ಬಿದ್ದರೆ ಎಂತ ಮಾಡುವುದು?

ನೈಟ್ ಡ್ಯೂಟಿ (8.05)

ಒಪ್ಪುತ್ತೇನೆ ಸರ್, ಅರ್ಧ. ಪಲ್ಸ್ 38 ಇದ್ದು ತಲೆ ತಿರುಗುವವರನ್ನು ಹೇಗೂ ಕಳಿಸುತ್ತೀರಿ. ಆದರೆ ಪಲ್ಸ್ 60 ಇದ್ದು, ಈಗ ಆರಾಮ ಇದ್ದು, ಒಮ್ಮೆ ಮಾತ್ರ ಬಿದ್ದವರು ಬಂದರೆ? ಅವರಲ್ಲಿ ಒಂದು ಪಿ ನಿಂತಿರುತ್ತದೆ, ಒಂದೇ. ಅದು ವೆಂಕೆಬಾಕ್ ಆದರೆ ಮದ್ದು ನೋಡಿ, ಮಾತಾಡಿ, ಬೇಕಾದರೆ ಹೋಲ್ಟರ್ ಹಾಕಿ ಮನೆಗೆ ಕಳಿಸಬಹುದು. ಮೊಬಿಟ್ಜ್ 2 ಆದರೆ ಅವರನ್ನು ಮಾನಿಟರ್ ಇಲ್ಲದ ಕಡೆ ಮಲಗಿಸಲೂ ನಾನು ಒಪ್ಪುವುದಿಲ್ಲ. ಅವರಿಗೆ ಪೇಸ್‌ಮೇಕರ್ ಬೇಕು, ಈಗ ಆರಾಮ ಇದ್ದರೂ ಬೇಕು.

ತೊಕ್ಕೊಟ್ಟು ಜಿಪಿ (8.11)

ಸರಿ ಮಾರಾಯ್ರೆ. ಕ್ಯಾಲಿಪರ್ ಆರ್ಡರ್ ಮಾಡಿದೆ.

ಒಬ್ಬಂಟಿಯಾಗಿ ಕ್ಲಿನಿಕ್ ನಡೆಸುವವರಿಗೆ ಒಂದು ಮಾತು. ಡಾ. ಪದ್ಮನಾಭ ಕಾಮತ್ ಅವರು ಮಂಗಳೂರಲ್ಲಿ ಶುರು ಮಾಡಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಥರದ ವಾಟ್ಸಾಪ್ ಗುಂಪುಗಳಿಂದ ನಮ್ಮ ಕಡೆ ಹಳ್ಳಿ ಡಾಕ್ಟರುಗಳಿಗೆ ತುಂಬ ಉಪಕಾರ ಆಗಿದೆ. ಆದರೆ ಕಳಿಸುವ ಫೋಟೋ ನೆಟ್ಟಗಿರಲಿ. ಕಾಗದವನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಮೇಲಿಂದ ತೆಗೆಯಿರಿ. ಓರೆ ತೆಗೆದರೆ ಚೌಕ ಎಣಿಸಲಿಕ್ಕೆ ಆಗುವುದಿಲ್ಲ. ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್ ಅಂತ ಬರೆದ ಮೂಲೆಯನ್ನು ಕತ್ತರಿಸಬೇಡಿ. ಮೊನ್ನೆ ಒಬ್ಬರು 50ರಲ್ಲಿ ಓಡಿಸಿ ಕಳಿಸಿದ್ದರು. ಒಳ್ಳೆಯ ಹುಡುಗನ ಪಿಆರ್ ನಮ್ಮ ಲೆಕ್ಕದಲ್ಲಿ 0.32 ಆಗಿ ಎಲ್ಲರೂ ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು.

ಬಂಟ್ವಾಳದವ (ಎರಡು ದಿನದ ನಂತರ)

ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕು ವರ್ಷ ಹಿಂದಿನ ಇಸಿಜಿ ಸಿಕ್ಕಿತು, ಅದರಲ್ಲಿ ಪಿಆರ್ 216 ಉಂಟು. ಡಾಕ್ಟ್ರು ಮಾತ್ರೆ ಬದಲಿಸಿ ಕೊಟ್ಟರು, ಮೂರು ತಿಂಗಳಿಗೆ ಬರಲು ಹೇಳಿದರು. ಅಪ್ಪ ದಾರಿಯಲ್ಲಿ ಗೋಳಿಬಜೆ ತಿಂದರು. ಭಾವನಿಗೆ ಇನ್ನೂ ಸಮಾಧಾನ ಇಲ್ಲ.

ಹೆಬ್ರಿ ಇಂಟರ್ನ್ (ಒಂದು ವಾರದ ನಂತರ)

ಆ ಅಮ್ಮನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ದಾರಿಯಲ್ಲಿ ಎರಡು ಸಲ ಪಲ್ಸ್ 28ಕ್ಕೆ ಇಳಿದಿತ್ತಂತೆ. ದೊಡ್ಡಾಸ್ಪತ್ರೆಗೆ ತಲುಪುವಾಗ ಸಿಸ್ಟರ್ ಹೇಳಿದ ಹಾಗೇ ಆಯಿತು. ಒಂದಕ್ಕೊಂದು ಸರಿಯಾಗಿ ದಾಟುತ್ತಿತ್ತು, ಪಲ್ಸ್ 74. ಕ್ಯಾಶುವಾಲಿಟಿಯಲ್ಲಿ ‘ಎಂತಕ್ಕೆ ಕಳಿಸಿದ್ದು?’ ಅಂತ ಕೇಳಿದರಂತೆ. ಉದ್ದ ಸ್ಟ್ರಿಪ್ ಬಿಚ್ಚಿ ತೋರಿಸಿದ ಮೇಲೆ ಮಾತಿಲ್ಲದೆ ಒಳಗೆ ತೆಗೆದುಕೊಂಡರು.

ನಿನ್ನೆ ಹೊಲಿಗೆ ತೋರಿಸಲು ನಮ್ಮಲ್ಲಿಗೆ ಬಂದಿದ್ದರು. ನೆರೆಕರೆಯವರಿಗೆಲ್ಲ ‘ಬ್ಲಾಕ್ ಇತ್ತು, ಬ್ಯಾಟರಿ ಹಾಕಿದರು’ ಅಂತ ಹೇಳಿದ್ದಾರಂತೆ. ಪಕ್ಕದ ಮನೆಯವರು ‘ಎಷ್ಟು ಪರ್ಸೆಂಟ್?’ ಅಂತ ಕೇಳಿದರಂತೆ. ಎಂತ ಹೇಳಬೇಕು ಅಂತ ನನ್ನನ್ನು ಕೇಳಿದರು. ಎರಡರಲ್ಲಿ ಒಂದು ನಿಲ್ಲುತ್ತಿತ್ತಲ್ಲ, ಐವತ್ತು ಅಂದೆ.

ಹಳೇ ಇಸಿಜಿ ಮನುಷ್ಯ

ಆ ಉದ್ದ ಸ್ಟ್ರಿಪ್ಪಿನದ್ದು ಒಂದು ಝೆರಾಕ್ಸ್ ನಿಮ್ಮಲ್ಲೂ ಇಟ್ಟುಕೊಳ್ಳಿ ಡಾಕ್ಟ್ರೇ. ಥರ್ಮಲ್ ಪೇಪರ್ ಅದು. ಒಂದು ಮಳೆಗಾಲ ಕಳೆಯುವಾಗ ಪಿಗಳೇ ಮೊದಲು ಅಳಿಸಿ ಹೋಗುವುದು.